ನಾಲ್ಕಕ್ಷರದ ಗುಂಡಿ

ಮೊಬೈಲ್ ಫೋನಿನೊಳಗಿನ ಇಂಗ್ಲಿಷ್ ಪದಗಳಿಗೆ ಕನ್ನಡ ಬರೆಯುವ ಕಂಪನಿಗೆ ನನ್ನ ಮಗಳು ಭಾಗ್ಯಶ್ರೀ ಸೇರಿ ಐದು ತಿಂಗಳಾಗಿತ್ತು. ಆರಕ್ಕೆ ಕೆಲಸ ಕಾಯಂ ಆಗಬೇಕು. ಆದರೆ ಒಂದು ಗುಂಡಿಗೆ ಅವಳು ಕೊಟ್ಟ ಪದ ಎರಡು ಸಲ ವಾಪಸು ಬಂದಿತ್ತು. ಮೂರನೆಯ ಸಲವೂ ಬಂದರೆ ಬೇರೆ ಕೆಲಸ ನೋಡಿಕೊಳ್ಳಿ ಎಂದು ಮ್ಯಾನೇಜರು ಹೇಳಿದ್ದರು. ಉದ್ದದ ಮೆಸೇಜನ್ನು ಚಿಕ್ಕದಾಗಿಸುವ ಗುಂಡಿ ಅದು. ಅದರ ಮೇಲೆ ನಾಲ್ಕು ಅಕ್ಷರಕ್ಕಷ್ಟೇ ಜಾಗ.

ಭಾನುವಾರ ಅವಳು ಹಾಳೆಯ ಮೇಲೆ ಫೋನಿನ ಚಿತ್ರ ಬರೆದುಕೊಂಡು ಅಡುಗೆಮನೆಯಲ್ಲಿ ಕೂತಳು. ನಾನು ರೊಟ್ಟಿ ಬಡಿಯುತ್ತಿದ್ದೆ. ಇಪ್ಪತ್ತು ವರ್ಷದಿಂದ ಪದಬಂಧ ಬಿಡಿಸುತ್ತಿದ್ದೇನೆ. ಈ ತೆಲುಗು ಊರಿನ ಕಾಚಿಗೂಡ ಸ್ಟೇಷನ್ನಿಗೆ ರೈಲಿನಲ್ಲಿ ಬರುವ ಕನ್ನಡ ಪತ್ರಿಕೆ ಒಂದು ದಿನ ಹಳೆಯದಾದರೂ, ಚೌಕ ಖಾಲಿ ಬಿಟ್ಟವಳಲ್ಲ.

"ಸಂಕ್ಷೇಪಿಸು," ಅಂದೆ.

"ಮೊದಲನೇ ಸಲ ಅದನ್ನ ಕೊಟ್ಟಿದ್ದೆ, ಅವ್ವಾ."

"ಮೊಟಕಿಸು."

"ಅದು ಎರಡನೇ ಸಲ. ಫೋನ್ ಬಳಸಿ ನೋಡೋ ಕನ್ನಡ ಮಂದ್ಯಾಗ ಒಬ್ಬರಿಗೂ ತಿಳೀಲಿಲ್ಲಂತ."

"ಹಂಗಾದ್ರ ಕತ್ತರಿಸು."

ಅವಳು ಹಾಳೆಯ ಗುಂಡಿಯ ಮೇಲೆ ಅದನ್ನೇ ಬರೆದಳು. ಅಷ್ಟರಲ್ಲಿ ಪಕ್ಕದ ಕಟ್ಟಡದ ಗಾರೆ ಕೆಲಸದ ತಾಯಪ್ಪ, ದಿನದಂತೆ ಕುಡಿಯುವ ನೀರಿಗೆ ಕ್ಯಾನ್ ಹಿಡಿದು ಬಂದ. ಯಾದಗಿರಿ ಕಡೆಯವನು, ಏಳನೇ ಕ್ಲಾಸು ಓದಿದ್ದಾನೆ. ಭಾಗ್ಯಾ ಹಾಳೆಯನ್ನು ಅವನ ಮುಂದೆ ಹಿಡಿದಳು.

"ಇದನ್ನ ಓದಿ, ಗುಂಡಿ ಒತ್ತು, ತಾಯಪ್ಪ."

ಅವನು ಓದಿ ಬೆರಳು ಹಿಂದಕ್ಕೆಳೆದುಕೊಂಡ. "ಒತ್ತಂಗಿಲ್ರಿ ಅಕ್ಕಾರ. ಲೈನ್ ಕಟ್ ಆದ್ರ?"

"ಇದು ಬರೇ ಹಾಳಿ ಐತಿ."

"ಆದ್ರೂ ಬ್ಯಾಡ್ರಿ."

ನಾನು ಕೇಳಿದೆ: "ಊರಿಗೆ ಬರೆಯೋ ಮಾತು ಭಾಳ ಉದ್ದ ಆತಂದ್ರ ಏನ್ ಮಾಡ್ತೀಯಪ?"

"ಸಣ್ಣ ಮಾಡ್ತೀನ್ರಿ. ಮತ್ತೇನ್ ಮಾಡೋದು?"

ಹಿಟ್ಟು ಮೆತ್ತಿದ ಬೆರಳು ಮಡಿಸಿ ಎಣಿಸಿದೆ. ಸಣ್ಣ ಮಾಡು. ನಾಲ್ಕು. ಇಪ್ಪತ್ತು ವರ್ಷದಲ್ಲಿ ಯಾವ ಪದಬಂಧದಲ್ಲೂ ಅದು ಬಂದಿರಲಿಲ್ಲ.

ಕಂಪನಿಯ ಪಟ್ಟಿಯಲ್ಲಿ ಪದದ ಪಕ್ಕ 'ಆಧಾರ' ಎಂಬ ಕಾಲಂ ಇರುತ್ತದೆ. ಯಾವ ನಿಘಂಟಿನದೆಂದು ಅಲ್ಲಿ ಬರೆಯಬೇಕು, ಖಾಲಿ ಬಿಡುವಂತಿಲ್ಲ. ಸುಳ್ಳು ಬರೆಯುವ ರೂಢಿ ನಮ್ಮಲ್ಲಿಲ್ಲ. ಭಾಗ್ಯಾ ನಮ್ಮ ಬಡಾವಣೆಯ ಹೆಸರನ್ನೂ ಸೇರಿಸಿ 'ತಾಯಪ್ಪ, ಮಣಿಕೊಂಡ' ಎಂದು ಬರೆದಳು.

ಬುಧವಾರ ಪದ ಒಪ್ಪಿಗೆಯಾಯಿತು. ಕನ್ನಡ ಬಾರದ ಮ್ಯಾನೇಜರು ಅವಳನ್ನು ಕರೆದು, ಇಷ್ಟು ಒಳ್ಳೆಯ ನಿಘಂಟನ್ನು ಮೊದಲೇ ಏಕೆ ನೋಡಲಿಲ್ಲ ಎಂದು ಕೇಳಿದರಂತೆ. ಕೆಲಸ ಕಾಯಂ. ಉಳಿದ ಮುನ್ನೂರು ಪದಗಳಿಗೂ ಆ ನಿಘಂಟನ್ನೇ ಬಳಸಬೇಕಂತೆ.

ಈಗ ಎರಡು ರೊಟ್ಟಿ ಹೆಚ್ಚು ಬಡಿದು ತಾಯಪ್ಪನಿಗೆ ಕಟ್ಟಿಡುತ್ತೇನೆ. ಅವನ ಕ್ಯಾನ್ ತುಂಬಲು ಐದು ನಿಮಿಷ ಸಾಕು. ಅಷ್ಟರಲ್ಲಿ ಭಾಗ್ಯಾ ಅವನನ್ನು ಕೇಳಿ ಆರು ಪದ ಮುಗಿಸುತ್ತಾಳೆ. ನಲ್ಲಿ ಸಣ್ಣಗೆ ಬಿಟ್ಟರೆ ಒಂಬತ್ತು.