ಬಾಲ್ಕನಿ ಕೆಳಗಿನ ಜೋಲಿಗಳು

ಮುಂಬಯಿಯ ಪರೇಲಿನ ಮನೋರಮಾ ಥಿಯೇಟರಿನ ಬಾಲ್ಕನಿ ಕೆಳಗೆ ಒಂದು ಉದ್ದನೆಯ ಪಡಸಾಲೆ. ಅದರ ತೊಲೆಗೆ ಸಾಲಾಗಿ ಕಬ್ಬಿಣದ ಕೊಂಡಿಗಳಿದ್ದವು, ಬ್ರಿಟಿಷರ ಕಾಲದಲ್ಲಿ ದೀಪ ತೂಗುಹಾಕಲು ಹೊಡೆದಂಥವು. ಭಾನುವಾರ ಮಧ್ಯಾಹ್ನದ ಕನ್ನಡ ನಾಟಕಕ್ಕೆ ಬರುವ ಹೆಂಗಸರ ಕೂಸುಗಳಿಗೆ ಮಲ್ಲಕ್ಕ ಆ ಕೊಂಡಿಗಳಿಗೇ ಹಳೆ ಸೀರೆಯ ಜೋಲಿ ಕಟ್ಟುತ್ತಿದ್ದಳು. ಯಾದಗಿರಿ ಕಡೆಯ ಮಲ್ಲಕ್ಕ ಅಲ್ಲಿ ಕಸ ಗುಡಿಸುವವಳು. ಜೋಲಿ ತೂಗು ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ಯಾವಳೋ ಒಬ್ಬಳು ಅಳುವ ಮಗುವನ್ನೆತ್ತಿಕೊಂಡು ನಾಟಕದ ನಡುವೆಯೇ ಮನೆಗೆ ಹೊರಟಾಗ, "ಕೊಡವ್ವಾ ಇಲ್ಲಿ, ನೀ ಹೋಗಿ ನೋಡು" ಎಂದಿದ್ದಳು. ಮುಂದಿನ ವಾರ ಮತ್ತಿಬ್ಬರು ಬಂದರು.

ಪಡಸಾಲೆಗೂ ಹಾಲಿಗೂ ನಡುವೆ ಹಲಗೆಯ ಗೋಡೆ. ನಾಟಕ ಕೇಳಿಸುತ್ತಿತ್ತು, ಕಾಣುತ್ತಿರಲಿಲ್ಲ. ನಾಯಕಿಯ ಪಾರ್ಟು ಮಾಡುವ ನೀಲಾವತಿಯ ಮಾತೆಲ್ಲ ಮಲ್ಲಕ್ಕನಿಗೆ ಬಾಯಿಪಾಠ. ಅವಳು ಯಾವ ಬಣ್ಣದ ಸೀರೆ ಉಟ್ಟು ಆಡುತ್ತಾಳೆಂಬುದು ಮಾತ್ರ ಗೊತ್ತಿರಲಿಲ್ಲ.

ಆ ವರ್ಷ ದಾದರಿನಲ್ಲಿ ಏರ್‌ಕಂಡಿಶನ್ ಹಾಲ್ ತೆರೆಯಿತು. ಮರಾಠಿ ತಂಡಗಳು ಒಂದೊಂದಾಗಿ ಅತ್ತ ಹೋದವು. ಉಳಿದದ್ದು ಸಿದ್ದರಾಮಪ್ಪನ ಕನ್ನಡ ಕಂಪನಿ. ಅವನೂ ಒಂದು ದಿನ ಬಂದು, ಥಿಯೇಟರನ್ನು ಲೀಸಿಗೆ ಹಿಡಿದಿದ್ದ ಶೇಖರ ಶೆಟ್ಟರ ಎದುರು ಕೂತ.

"ಶೆಟ್ಟರ, ಇದೇನ್ ಥಿಯೇಟರೋ ಹೆರಿಗಿ ದವಾಖಾನಿಯೋ? ಬರೋ ಭಾನುವಾರ ಒಂದ್ ಕೂಸಿನ ದನಿ ಕೇಳಿಸ್ತಂದ್ರ ನಾ ದಾದರಿಗೆ ಹೊಂಟೆ."

ಶೆಟ್ಟರು ಮಲ್ಲಕ್ಕನನ್ನು ಕರೆದರು. "ನೋಡು ಮಾರಾಯ್ತಿ, ಇವರೂ ಹೋದ್ರೆ ಇದನ್ನು ಬಟ್ಟೆ ಗೋಡೌನಿಗೆ ಕೊಡುದೇ ಸೈ. ಭಾನುವಾರ ಮಗು ಇದ್ದವರನ್ನು ಒಳಗೆ ಬಿಡ್ಬೇಡ. ಸೋಮವಾರ ಬಡಗಿ ಅಂಗಾರ ಬಂದು ಕೊಂಡಿ ಕಿತ್ತು, ಅಲ್ಲಿ ಸೋಡಾ ಕೌಂಟರ್ ಮಾಡ್ತಾನೆ."

"ಮತ್ತ ಹೆಣ್ಮಕ್ಕಳು ಏನ್ ಮಾಡ್ಬೇಕ್ರಿ?"

"ದಾದರಿನಲ್ಲಿ ಏನು ಮಾಡ್ತಾರೋ ಅದೇ."

ಭಾನುವಾರ ಮಲ್ಲಕ್ಕ ಗೇಟಿನಲ್ಲಿ ನಿಂತು ತಾಯಂದಿರನ್ನು ವಾಪಸು ಕಳಿಸಿದಳು. ಮಾಟುಂಗದಿಂದ ಬಂದಿದ್ದ ಒಬ್ಬಳು ಬೈದೇ ಹೋದಳು. ಕೆಲವರು ಮಗುವನ್ನು ಚಾಳಿನಲ್ಲಿ ಅಕ್ಕಪಕ್ಕದವರ ಕೈಗೆ ಕೊಟ್ಟು ಬಂದಿದ್ದರು. ಹೆಂಗಸರ ಸಾಲು ಅರ್ಧ ಖಾಲಿ.

ಪರದೆ ಏಳುವ ಮುಂಚೆ ನೀಲಾವತಿ ಹಿಂಬಾಗಿಲಿನಿಂದ ಬಂದಳು. ಮುಖಕ್ಕೆ ಬಣ್ಣ ಬಳಿದಿರಲಿಲ್ಲ. ಸೆರಗಿನೊಳಗೆ ಅವಳದೇ ಎಳೆಗೂಸು.

"ಯಕ್ಕಾ, ನಮ್ಮತ್ತೀಗೆ ಜ್ವರ. ಮನ್ಯಾಗ ಬ್ಯಾರೆ ಯಾರೂ ಇಲ್ಲ. ಮಾಲಕರಿಗೆ ಗೊತ್ತಾದ್ರ ನನ್ನ ಪಾರ್ಟು ಬ್ಯಾರೇದಾಕಿಗೆ ಕೊಡ್ತಾರ."

ಇದು ಅತ್ತರೆ ಸಿದ್ದರಾಮಪ್ಪ ಹೋಗುತ್ತಾನೆ, ಹಿಂದೆಯೇ ಥಿಯೇಟರೂ, ತನ್ನ ಕೆಲಸವೂ. ಮಲ್ಲಕ್ಕನಿಗೆ ಅದು ತಿಳಿಯದೇ ಇರಲಿಲ್ಲ. ಆದರೂ ಕೈ ಚಾಚಿದಳು. "ಹಾಲು ಕುಡಿಸೀಯೇನು?"

"ಅವಸರದಾಗ ಅರ್ಧಾ ಕುಡಿಸೀನಿ."

ಒಂದೇ ಜೋಲಿ ಕಟ್ಟಿ ತೂಗತೊಡಗಿದಳು. ಎರಡನೇ ಅಂಕದವರೆಗೆ ಕೂಸು ಮಲಗಿತ್ತು. ಗಂಡ ಹೊರಹಾಕಿದ ಹೆಂಡತಿ ಹೊಸ್ತಿಲ ಮೇಲೆ ಒಬ್ಬಳೇ ಕೂರುವ ದೃಶ್ಯ ಬಂತು. ಹಾಲಿನಲ್ಲಿ ಫ್ಯಾನಿನ ಕಿರಕಿರ ಬಿಟ್ಟರೆ ಸದ್ದಿಲ್ಲ. ಆಗಲೇ ಕೂಸು ಕಿಟ್ಟನೆ ಕಿರುಚಿತು.

ಹೆಂಗಸರ ಸಾಲಿನಲ್ಲಿ ಎಲ್ಲ ತಲೆಗಳೂ ಹಿಂದಕ್ಕೆ ತಿರುಗಿದವು, ಅವರ ಮಕ್ಕಳು ಅಲ್ಲಿರದಿದ್ದರೂ. ಮಲ್ಲಕ್ಕ ಎತ್ತಿ ಎದೆಗೊತ್ತಿಕೊಂಡಳು, ಬೆರಳು ಕೊಟ್ಟಳು. ಕೂಸು ಬೆರಳನ್ನು ಉಗುಳಿ ಇನ್ನಷ್ಟು ಅತ್ತಿತು. ಈಗ 'ನಾ ಹೊಂಟೆ, ಬಾಗಲಾ ಹಾಕ್ಕೋರಿ' ಎಂಬ ಮಾತು ಬರಬೇಕಿತ್ತು. ಬರಲಿಲ್ಲ. ಪರದೆ ಮರೆಯಿಂದ ಹೇಳಿಕೊಡುವವನು ಎರಡು ಸಲ ಹೇಳಿದ್ದೂ ಕೇಳಿಸಿತು.

"ಯಾರ ಕೂಸವ್ವಾ ಅದು?" ರಂಗದ ಮೇಲಿಂದ ನೀಲಾವತಿಯ ದನಿ ಬಂತು, ನಾಟಕದ್ದೇ ದನಿ. "ಹಸದೈತಿ. ಇಲ್ಲಿ ತಾ."

ಮಲ್ಲಕ್ಕ ಬಾಗಿಲು ತಳ್ಳಿ ಒಳಗೆ ಹೋದಳು. ದಿನಾ ಗುಡಿಸುವ ಹಾದಿಯಲ್ಲೇ ರಂಗದ ಅಂಚಿನವರೆಗೆ ನಡೆದಳು. ನೀಲಾವತಿಯ ಸೀರೆ ನೀಲಿ. ಅಂಚಿಗೆ ತೇಪೆ. ಬೆವರಿಗೆ ಮುಖದ ಬಣ್ಣ ಇಳಿದಿತ್ತು, ಕುಪ್ಪಸದ ಎದೆಯ ಎರಡೂ ಕಡೆ ಒದ್ದೆ. ಇಷ್ಟು ವರ್ಷ ಕೇಳಿದ ದನಿ ರಂಗದ ಮೇಲೆ ಕಾಣುವುದು ಹೀಗೆಯೇ ಎಂದು ಮಲ್ಲಕ್ಕ ಒಂದು ಗಳಿಗೆ ನೋಡುತ್ತಲೇ ನಿಂತಳು. ನೀಲಾವತಿ ಬಾಗಿ ಕೂಸನ್ನು ತಗೊಂಡಳು, ಜನರಿಗೆ ಬೆನ್ನು ಮಾಡಿ ಹೊಸ್ತಿಲ ಮೇಲೆ ಕೂತು ಸೆರಗು ಮುಚ್ಚಿದಳು. ಅಳು ನಿಂತಿತು. ಆಮೇಲೆ ಹಾಗೆಯೇ, ತಿರುಗದೆ, ಮೆಲ್ಲಗೆ ಹೇಳಿದಳು: "ನಾವು ಹೊಂಟೇವಿ. ಬಾಗಲಾ ಹಾಕ್ಕೋರಿ."

ಪರದೆ ಇಳಿದಾಗ ಗಂಡಸರ ಸಾಲಿನಿಂದಲೂ ಚಪ್ಪಾಳೆ ಬಿತ್ತು.

ನಾಟಕ ಮುಗಿದ ಮೇಲೆ ಸಿದ್ದರಾಮಪ್ಪ ಪಡಸಾಲೆಗೆ ಬಂದ. ಶೆಟ್ಟರು ಹಿಂದೆ ಬೆವರು ಒರೆಸಿಕೊಳ್ಳುತ್ತಿದ್ದರು.

"ಯಾರದದು?"

"ನಂದ್ರಿ," ಎಂದಳು ನೀಲಾವತಿ.

ಅವನು ಕೂಸನ್ನು ನೋಡಿದ, ಸರಕು ನೋಡುವ ಹಾಗೆ. "ಮುಂದಿನ ವಾರನೂ ತರ್ತಿಯೇನು?"

"ಅದೇನ್ ನಿಮ್ಮ ಕಂಪನಿ ನಟನೇನ್ರಿ, ಹೇಳಿದಾಗ ಅಳಾಕ?"

ಸಿದ್ದರಾಮಪ್ಪನಿಗೆ ನಗು ತಡೆಯಲಾಗಲಿಲ್ಲ. ಶೆಟ್ಟರು ಅದೇ ಹೊತ್ತು ನೋಡಿ, "ದಾದರಿನಲ್ಲಿ ಮಗುವನ್ನು ಗೇಟಿನಲ್ಲೇ ನಿಲ್ಲಿಸ್ತಾರೆ. ಇವತ್ತು ಹೆಂಗಸರ ಸಾಲು ನೋಡಿದ್ರಲ್ಲ, ಅಲ್ಲಿಯೂ ಅಷ್ಟೇ ಖಾಲಿ," ಎಂದರು.

"ಎರಡು ವಾರ ಅಲ್ಲಿ, ಎರಡು ವಾರ ಇಲ್ಲಿ. ಇದಕ್ಕಿಂತ ಹೆಚ್ಚಿಗಿ ಕೇಳ್ಬ್ಯಾಡ್ರಿ." ಅವನು ಹೊರಟುಹೋದ.

ಸೋಮವಾರ ಬೆಳಿಗ್ಗೆ ಬಡಗಿ ಅಂಗಾರ ಗರಗಸ ಹಿಡಿದು ಬಂದ. ಕೆಲಸ ಇಲ್ಲ ಮಾರಾಯ, ಹೋಗು, ಎಂದರು ಶೆಟ್ಟರು.

"ಬಂದಾನ, ಸುಮ್ನ ಯಾಕ ಕಳಿಸ್ತೀರಿ?" ಮಲ್ಲಕ್ಕ ಪೊರಕೆ ಕೆಳಗಿಟ್ಟಳು. ಜೋಲಿ ಕಟ್ಟುವ ಜಾಗದಲ್ಲಿ ಕುಕ್ಕರಗಾಲಲ್ಲಿ ಕೂತು, ಹಾಲಿನ ಕಡೆಯ ಹಲಗೆಗೋಡೆಯ ಮೇಲೆ ತನ್ನ ಕಣ್ಣಿನ ಎತ್ತರಕ್ಕೆ ಬೆರಳಿಂದ ಸಣ್ಣ ಚೌಕ ಗೀರಿದಳು. "ಇಷ್ಟು ಕೊಯ್ದು ಹೋಗಲಿ."