ಕಪಾಟಿನ ಡಬ್ಬಿಯಿಂದ ಹೊರಬಿದ್ದ ಫೋಟೊಗಳು

ಅಂಕಲಗಿಯ ರಾಜೇಶ್ವರಿ ಮನೆಯಲ್ಲೇ ಬ್ಲೌಸ್ ಹೊಲಿಯುತ್ತಾಳೆ. ಹೊಲಿದದ್ದನ್ನು ಗಿರಾಕಿಗೆ ತೊಡಿಸಿ ಫೋಟೊ ತೆಗೆದಿಡುವುದು ಅವಳ ರೂಢಿ. ಮೊಬೈಲ್ ತುಂಬಿದಾಗ ಗಂಡ ಬಸವಲಿಂಗ ಒಂದು ಸ್ಟೋರೇಜ್ ಡಬ್ಬಿ ತಂದು ವೈಫೈಗೆ ಜೋಡಿಸಿ ಕಪಾಟಿನಲ್ಲಿಟ್ಟಿದ್ದ. ಗಿರಾಕಿಗಳ ಫೋಟೊ, ಮಗಳ ಫೋಟೊ ಎಲ್ಲ ಅದರಲ್ಲಿದ್ದವು.

ಒಂದು ಮಧ್ಯಾಹ್ನ ಗಿರಾಕಿ ಆಮ್ರಪಾಲಿ ಚಪ್ಪಲಿ ಸಹಿತ ಒಳಗೆ ಬಂದಳು.

"ನನ್ನ ಫೋಟೊ ಯಾರಿಗೆ ಕೊಟ್ಟೀರಿ? ಹುಕ್ಕೇರ್ಯಾಗ ನಮ್ಮ ನಾದಿನಿ ಮೊಬೈಲಿನ್ಯಾಗ ಬ್ಲೌಸ್ ಡಿಜೈನ್ ಹುಡುಕಿದ್ರ ನಾನ ಬಂದೇನಿ!"

ನಿಜವೇ. ಅವಳು ತೋರಿಸಿದ ಫೋಟೊದ ಹಿಂದೆ ರಾಜೇಶ್ವರಿಯ ಹೊಲಿಗೆ ಯಂತ್ರವೂ ಕಾಣುತ್ತಿತ್ತು.

"ದೇವರಾಣಿ, ನಾ ಯಾರಿಗೂ ಕಳಿಸಿಲ್ಲ," ಎಂದಳು ರಾಜೇಶ್ವರಿ. ಆಮ್ರಪಾಲಿ ನಂಬದೆ ಹೋದಳು. ರಾಜೇಶ್ವರಿಗೆ ತಲೆಬುಡ ತಿಳಿಯಲಿಲ್ಲ. ಗಂಡನ ಮೇಲೇ ಅನುಮಾನ ಬಂತು.

"ನನ್ನ್ಯಾಕ ನೋಡ್ತಿ? ಡಬ್ಬಿ ಕಪಾಟಿನ್ಯಾಗೈತಿ, ಕೀಲಿ ನಿನ್ನ ಕಡೆ ಐತಿ. ಯಾರ್ ಹೆಂಗ ಒಳಗ ಬರ್ತಾರ?" ಎಂದ ಬಸವಲಿಂಗ.

ಮರುದಿನ ರಾಜೇಶ್ವರಿ ಗೆಳತಿ ವಿದ್ಯಾಳನ್ನು ಕರೆಸಿದಳು. ವಿದ್ಯಾ ಗೋಕಾಕದಲ್ಲಿ ಕಂಪ್ಯೂಟರ್ ಕಲಿಸುತ್ತಾಳೆ. ಅವಳು ತನ್ನ ಮೊಬೈಲಿನ ವೈಫೈ ಬಂದ್ ಮಾಡಿ, ಸಿಮ್ ನೆಟ್‌ನಲ್ಲಿ ಡಬ್ಬಿಯ ಇಂಟರ್‌ನೆಟ್ ವಿಳಾಸ ಹಾಕಿದಳು. ಪಾಸ್‌ವರ್ಡ್ ಕೇಳದೆಯೇ ಫೋಟೊಗಳು ಒಂದೊಂದಾಗಿ ತೆರೆದವು. ಓಣಿಯ ಹೆಣ್ಣುಮಕ್ಕಳ ಮುಖಗಳನ್ನು ಅಲ್ಲಿ ನೋಡಿ ರಾಜೇಶ್ವರಿ ಗಂಡನನ್ನು ಕೂಗಿ ಕರೆದಳು.

"ಹೊರಗಿಂದ ಡಬ್ಬಿ ನೋಡೂ ಬಟನ್ ಯಾರ್ ಒತ್ತಿದ್ರಿ?" ವಿದ್ಯಾ ಕೇಳಿದಳು.

ಬಸವಲಿಂಗ ಮೆಲ್ಲಗೆ ಹೇಳಿದ: "ನಾನ. ಸಂಕೇಶ್ವರದಾಗ ಡ್ಯೂಟಿ ಮ್ಯಾಲಿದ್ದಾಗ ಮಗಳ ಫೋಟೊ ನೋಡಾಕಂತ. ಪಾಸ್‌ವರ್ಡ್ ಕಿರಿಕಿರಿ ಅಂತ ಅದನ್ನೂ ತಗದಿದ್ನಿ. ಆದ್ರ ವೈಫೈಗೆ ಪಾಸ್‌ವರ್ಡ್ ಐತಲ್ಲ?"

"ಅದು ಮನಿ ವೈಫೈ ಬಳಸವರಿಗೆ ಅಷ್ಟರಿ. ಇದು ಇಂಟರ್‌ನೆಟ್ ದಾರಿ. ನಿಮಗಂತ ತಗದ ಬಾಗಿಲಾ ಜಗತ್ತಿಗೆಲ್ಲಾ ತಗದೈತಿ. ಅದರಾಗಿಂದನ ಫೋಟೊ ಹುಡುಕಾಟಕ್ಕ ಸಿಕ್ಕಾವ," ಎಂದಳು ವಿದ್ಯಾ.

ವಿದ್ಯಾ ಮೊದಲು ಹೊರಗಿನಿಂದ ನೋಡುವ ಸೌಲಭ್ಯ ನಿಲ್ಲಿಸಿದಳು. ವೈಫೈ ಕೊಡುವ ರೌಟರಿನಲ್ಲಿ ತೆರೆದಿದ್ದ ಪೋರ್ಟ್ ಎಂಬ ಹೊರದಾರಿ ಮುಚ್ಚಿ, ತಾನಾಗಿಯೇ ಪೋರ್ಟ್ ತೆರೆಯುವ ಯುಪಿಎನ್‌ಪಿಯನ್ನೂ ಆಫ್ ಮಾಡಿದಳು. ಡಬ್ಬಿಗೆ ಉದ್ದನೆಯ ಪಾಸ್‌ವರ್ಡ್ ಇಟ್ಟು ಅಪ್‌ಡೇಟ್ ಹಾಕಿದಳು. ಮತ್ತೆ ಸಿಮ್ ನೆಟ್‌ನಲ್ಲಿ ನೋಡಿದರೆ ಏನೂ ತೆರೆಯಲಿಲ್ಲ. ಹುಡುಕಾಟದಲ್ಲಿ ಬರುವ ಫೋಟೊ ತೆಗೆಯುವಂತೆ ಆ ಹುಡುಕಾಟದ ಕಂಪನಿಗೆ ಅರ್ಜಿಯನ್ನೂ ಕಳಿಸಿದಳು.

"ಈಗಾಗ್ಲೇ ಯಾರರ ಉಳಿಸಿಕೊಂಡಿದ್ರ?" ರಾಜೇಶ್ವರಿ ಕೇಳಿದಳು.

"ಅದನ್ನ ತಿರುಗಿ ತರಾಕ ಆಗೂದಿಲ್ಲ ನೋಡ," ಎಂದಳು ವಿದ್ಯಾ.

ರಾಜೇಶ್ವರಿ ಒಬ್ಬೊಬ್ಬ ಗಿರಾಕಿಗೂ ತಾನೇ ಫೋನ್ ಮಾಡಿ ಆದದ್ದನ್ನು ಹೇಳಿದಳು. ಕೆಲವರು ಬೈದರು. ಇಬ್ಬರು ಕೊಟ್ಟ ಬಟ್ಟೆ ವಾಪಸ್ ಒಯ್ದರು. ವಾರದ ಮೇಲೆ ಆಮ್ರಪಾಲಿ ಬಂದು ಬ್ಲೌಸಿಗೆಂದು ಹೊಸ ಕಣದ ಬಟ್ಟೆ ಮುಂದಿಟ್ಟಳು.

"ಖರೆ ಹೇಳಿದ್ರಿ, ಅದಕ್ಕ ಬಂದೇನಿ. ಹೊಲೀರಿ. ಆದ್ರ ಫೋಟೊ ಬ್ಯಾಡ."

ರಾಜೇಶ್ವರಿ ತಲೆಯಾಡಿಸಿ ಅಳತೆ ಟೇಪು ಎತ್ತಿಕೊಂಡಳು.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಇಂಥ ಡಬ್ಬಿ ಇದೆಯೇ? ಹೊರಗಿನಿಂದ ನೋಡುವ ಸೌಲಭ್ಯ ಬೇಡವಾದರೆ ಇವತ್ತೇ ನಿಲ್ಲಿಸಿ. ಬೇಕೇಬೇಕಾದರೆ ತಿಳಿದವರಿಂದ, ನಿಮಗೆ ಮಾತ್ರ ದಾರಿ ಬಿಡುವ ವಿಪಿಎನ್ ಹಾಕಿಸಿ. ಡಬ್ಬಿಯ ಜೊತೆ ಬಂದ ಪಾಸ್‌ವರ್ಡ್ ಬದಲಿಸಿ, ರೌಟರನ್ನೂ ಪರೀಕ್ಷಿಸಿ. ಗೊತ್ತಾಗದಿದ್ದರೆ ನಾಚದೆ ಕೇಳಿ. ಆ ಡಬ್ಬಿಯೊಳಗೆ ನಿಮ್ಮನ್ನು ನಂಬಿದವರ ಮುಖಗಳಿವೆ.