ಬೀಗರ ಕಾರಿನ ಸದ್ದು

ಮಗ್ಗದ ಮೇಸ್ತ್ರಿಯನ್ನು ಅವರ ಕಾರಿನ ಬಗ್ಗೆ ಕೇಳಿದರೆ ಅವರು ಕಾರಿನಿಂದ ಶುರು ಮಾಡುತ್ತಿರಲಿಲ್ಲ, ಒಬ್ಬ ತಾಯಿಯಿಂದ ಶುರು ಮಾಡುತ್ತಿದ್ದರು. ಜಪಾನಿನ ಒಂದು ಹಳ್ಳಿ. ಬಡಗಿಯ ಮನೆ. ಮನೆಯಾಕೆ ಮಗ್ಗದ ಮುಂದೆ ಬೆನ್ನು ಬಗ್ಗಿಸಿ ಕೂರುವುದನ್ನು ನೋಡಿ ನೋಡಿ ಮಗನ ಕರುಳು ಚುರುಕ್ಕೆನ್ನುತ್ತದೆ. ಅಪ್ಪನ ಉಳಿ, ಸುತ್ತಿಗೆ ಎತ್ತಿಕೊಂಡು ಒಂದೇ ಕೈಯಲ್ಲಿ ನಡೆಸುವಂಥ ಮಗ್ಗ ಮಾಡುತ್ತಾನೆ. ಆಮೇಲೆ ಉಗಿಯಿಂದ ಓಡುವ ಮಗ್ಗ. ನೂಲು ಹರಿದರೆ ಯಾರೂ ಹೇಳದೆ ತಾನೇ ನಿಂತುಬಿಡುವ ಮಗ್ಗ. ಅದರ ಹಕ್ಕನ್ನು ಇಂಗ್ಲೆಂಡಿನವರು ಬಂದು ಕೊಂಡುಕೊಳ್ಳುತ್ತಾರೆ. ಅವನ ಮಗನಿಗೋ ಕಾರಿನ ಹುಚ್ಚು. ಮಗ್ಗದ ಕಾರ್ಖಾನೆಯ ಒಂದು ಮೂಲೆಯಲ್ಲಿ ಪರದೇಶದ ಎಂಜಿನ್ನು ಬಿಚ್ಚಿ ಹರಡಿಕೊಂಡು ಕೂರುತ್ತಾನೆ. ಕಥೆ ಇಲ್ಲಿಗೆ ಬರುವಷ್ಟರಲ್ಲಿ ಕೇಳಿದವರ ಚಹಾ ಆರಿ ತಣ್ಣಗಾಗಿರುತ್ತಿತ್ತು.

ಮೇಸ್ತ್ರಿ ದುಡಿದದ್ದೆಲ್ಲ ಒಂದೇ ಗಿರಣಿಯಲ್ಲಿ. ಅಲ್ಲಿದ್ದ ಮಗ್ಗಗಳು ಆ ತಾಯಿಯ ಮಗ ಕಟ್ಟಿದ ಕಂಪನಿಯವೇ. ಸಾಲಿನಲ್ಲಿ ನಡೆದುಹೋಗುತ್ತಾ, ಯಾವ ಮಗ್ಗಕ್ಕೆ ಎಣ್ಣೆ ಬೇಕು, ಯಾವುದರ ಲಾಳಿ ಓರೆಯಾಗಿದೆ ಎಂದು ಬರೀ ಕಿವಿಯಿಂದ ಹೇಳುತ್ತಿದ್ದರು. ಆ ಗದ್ದಲದಲ್ಲಿ ಬೇರೆಯವರಿಗೆ ತಮ್ಮ ಹೆಸರು ಕೂಗಿದರೂ ಕೇಳುತ್ತಿರಲಿಲ್ಲ. ಕೆಲಸದಿಂದ ನಿವೃತ್ತರಾದ ಮೇಲೆ ಅದೇ ಕಂಪನಿಯ ಪುಟ್ಟ ಬಿಳಿ ಕಾರು ಕೊಂಡರು. ಕಾರು ಕೊಂಡಂತೆ ಕೊಳ್ಳಲಿಲ್ಲ, ಸಂಬಂಧ ಬೆಳೆಸಿದಂತೆ ಬೆಳೆಸಿದರು. ಅವರ ಹೆಂಡತಿ ಬಂದವರ ಮುಂದೆ ಹೇಳುವುದಿತ್ತು, ‘ಇವರನ್ನ ನನ್ನ ತವರಿನ ವಿಚಾರ ಕೇಳಿ, ನಮ್ಮಜ್ಜನ ಹೆಸರು ಗೊತ್ತಿಲ್ಲ. ಆ ಕಂಪನಿಯ ಮುತ್ತಜ್ಜನವರೆಗೂ ಬಾಯಿಪಾಠ.’

ಅವರಿಗೆ ಒಬ್ಬಳೇ ಮಗಳು, ಹಲ್ಲಿನ ಡಾಕ್ಟರು. ಅವಳು ಮೆಚ್ಚಿದ ಹುಡುಗ ಪೇಟೆಯ ಮೂಲೆಯಲ್ಲಿ ಬೇಕರಿ ಇಟ್ಟಿದ್ದ. ಅವನು ಕೇಕು ಕೊಟ್ಟು ಹಲ್ಲು ಕೆಡಿಸುವುದು, ಇವಳು ಕೂರಿಸಿಕೊಂಡು ಸರಿಮಾಡುವುದು, ಇಂಥ ಜೋಡಿಗೆ ಬದುಕಿನಲ್ಲಿ ಏನೂ ಕೊರತೆಯಾಗುವುದಿಲ್ಲ ಎಂದು ಬೀದಿಯವರೆಲ್ಲ ನಗುತ್ತಿದ್ದರು. ಹುಡುಗನ ತಂದೆ ಪಿಟೀಲು ಕಲಿಸುವವರು. ಅವರನ್ನು ಚಿಕ್ಕವರು ದೊಡ್ಡವರು ಎಲ್ಲ ಪಿಟೀಲಯ್ಯನವರು ಎಂದೇ ಕರೆಯುತ್ತಿದ್ದರು. ತಾಯಿ ಆಸ್ಪತ್ರೆಯಲ್ಲಿ ನರ್ಸು. ಕೆಲಸ ಬಿಟ್ಟರೂ ನರ್ಸಮ್ಮ ಅನ್ನುವ ಹೆಸರು ಬಿಟ್ಟಿರಲಿಲ್ಲ. ಆ ಮನೆಯಲ್ಲೂ ಅದೇ ಕಂಪನಿಯ ಕಾರಿತ್ತು, ಸ್ವಲ್ಪ ದೊಡ್ಡದು, ನೀಲಿ ಬಣ್ಣದ್ದು. ಓಡಿಸುವವರು ನರ್ಸಮ್ಮ. ಪಿಟೀಲಯ್ಯನವರು ಹಿಂದಿನ ಸೀಟಿನಲ್ಲಿ ಪಿಟೀಲನ್ನು ಮಗುವಿನಂತೆ ತೊಡೆಯ ಮೇಲೆ ಮಲಗಿಸಿಕೊಂಡು ಕೂರುವವರು.

ಎರಡೂ ಮನೆಯಲ್ಲಿ ಒಂದೇ ಕಂಪನಿಯ ಕಾರಿದೆ ಎಂದು ಕೇಳಿ ಮೇಸ್ತ್ರಿಗೆ ಹಾಲು ಕುಡಿದಷ್ಟು ಸಂತೋಷವಾಗಿತ್ತು. ಮದುವೆಯ ದಿನ ಗೊತ್ತುಮಾಡಲು ಹುಡುಗನ ಮನೆಗೆ ಹೋದಾಗ, ಕುರ್ಚಿಯಲ್ಲಿ ಸರಿಯಾಗಿ ಕೂರುವ ಮುಂಚೆಯೇ ಆ ತಾಯಿಯ ಕಥೆ ಶುರು ಮಾಡಿದರು. ಹೆಂಡತಿ ಸೆರಗು ಸರಿಮಾಡುವ ನೆವದಲ್ಲಿ ಮೊಣಕೈಯಿಂದ ತಿವಿದರೂ ನಿಲ್ಲಿಸಲಿಲ್ಲ. ಪಿಟೀಲಯ್ಯನವರು ಉಗಿಯ ಮಗ್ಗದವರೆಗೆ ಸೈರಿಸಿಕೊಂಡರು. ಆಮೇಲೆ ಲೋಟ ಕೆಳಗಿಟ್ಟು, ಆ ಕಂಪನಿ ಮೊಟ್ಟಮೊದಲು ಅಮೆರಿಕಕ್ಕೆ ಕಳಿಸಿದ ಕಾರುಗಳು ಅಲ್ಲಿನ ಹೆದ್ದಾರಿಯಲ್ಲಿ ಏದುಸಿರು ಬಿಟ್ಟ ಕಥೆ ಗೊತ್ತೋ ಎಂದು ಕೇಳಿದರು. ಗೊತ್ತು, ಅದನ್ನೇ ತಿದ್ದಿಕೊಂಡು ಮತ್ತೆ ಹೋಗಿ ಗೆದ್ದು ಬಂದದ್ದೂ ಗೊತ್ತು ಎಂದರು ಮೇಸ್ತ್ರಿ.

‘ಅವರು ಮಗ್ಗಾನೇ ಮಾಡ್ಕೊಂಡು ಇದ್ದಿದ್ರೆ ಚೆನ್ನಾಗಿತ್ತು,’ ಎಂದರು ಪಿಟೀಲಯ್ಯನವರು. ‘ನಮ್ಮನೇಲಿರೋದು ಕಾರಿನ ವೇಷ ಹಾಕಿದ ಮಗ್ಗ. ತಿರುವು ಬಂದ್ರೆ ಸಾಕು, ಲಟಕ್ ಲಟಕ್. ವರ್ಷಗಟ್ಟಲೆ ಕೇಳಿ ಕೇಳಿ ನನ್ನ ತಾಳಾನೇ ಕೆಟ್ಟೋಯ್ತು.’

ಮೇಸ್ತ್ರಿ ಕುರ್ಚಿಯಲ್ಲಿ ಮುಂದಕ್ಕೆ ಸರಿದರು. ಆಮೇಲೆ, ಆಡಬಾರದಿದ್ದ ಮಾತನ್ನು ಮೆಲ್ಲಗೆ ಆಡಿದರು. ‘ಸದ್ದು ಕಾರಿಂದೋ, ಕೇಳೋರ ಕಿವೀದೋ, ಮೊದಲು ಅದನ್ನ ನೋಡಬೇಕು.’

ಪಿಟೀಲಿನವರಿಗೆ ಏನಾದರೂ ಅನ್ನಬಹುದು, ಕಿವಿಗೆ ಅನ್ನಬಾರದು. ಪಿಟೀಲಯ್ಯನವರು ಎದ್ದು, ಪಾಠಕ್ಕೆ ಮಕ್ಕಳು ಬರುವ ಹೊತ್ತಾಯಿತೆಂದು ಒಳಗೆ ಹೋದರು. ಆವತ್ತು ಪಾಠ ಇರಲಿಲ್ಲ. ಯಾರೂ ನುಡಿಸಿ ಎನ್ನದಿದ್ದರೂ ಒಳಗಿನಿಂದ ಪಿಟೀಲು ಜೋರಾಗಿ ಕೇಳಿಸತೊಡಗಿತು. ದಿನ ಗೊತ್ತಾಗಲಿಲ್ಲ. ಹುಡುಗ ತಟ್ಟೆಯಲ್ಲಿ ತಂದಿಟ್ಟ ಕೇಕನ್ನು ಯಾರೂ ಮುಟ್ಟಲಿಲ್ಲ.

ತಮ್ಮ ಮನೆ ಮುಂದೆ ಬಿಳಿ ಕಾರಿನಿಂದ ಇಳಿಯುವಾಗ, ಜೊತೆಗೆ ಬಂದಿದ್ದ ಮಗಳು ಹೇಳಿದಳು, ‘ಅಪ್ಪಾ, ನಾನು ಕಟ್ಕೊಳ್ತಿರೋದು ಅವರ ಮಗನನ್ನ, ಅವರ ಕಾರನ್ನಲ್ಲ.’ ಅವಳು ಕೋಪ ಬಂದರೂ ದನಿ ಏರಿಸುವವಳಲ್ಲ. ಹಲ್ಲು ಕೀಳುವ ಮುಂಚೆ ರೋಗಿಯ ಹತ್ತಿರ ಮಾತಾಡುವ ದನಿಯಲ್ಲೇ ಹೇಳಿದಳು. ಮೇಸ್ತ್ರಿಗೆ ಅದೇ ಹೆಚ್ಚು ಚುಚ್ಚಿತು.

ಮೇಸ್ತ್ರಿ ನಾಲ್ಕಾರು ದಿನ ಅಂಗಳದಲ್ಲಿ ಕಾರು ಒರೆಸುತ್ತಾ ಕಳೆದರು. ತಪ್ಪು ತಮ್ಮದೆಂದು ಗೊತ್ತು, ಹೋಗಿ ಹೇಳಲು ಕಾಲು ಏಳದು. ಗಿರಣಿಯಲ್ಲಿ ಮಗ್ಗವೊಂದು ನಿಂತರೆ ಅದರತ್ತ ಓಡುತ್ತಿದ್ದ ಮನುಷ್ಯ ಈಗ ತಾವೇ ನಿಂತುಬಿಟ್ಟಿದ್ದರು. ಪಕ್ಕದ ಮನೆಯ ಟ್ಯಾಕ್ಸಿಯವನು ಸಮಾಧಾನ ಹೇಳಿದ. ತನ್ನದೂ ಅದೇ ಕಂಪನಿಯ ಕಾರು, ಒದ್ದರೂ ಸಾಯದ ಎಮ್ಮೆಯಂಥದ್ದು, ಆದರೆ ಸೌಂದರ್ಯವೂ ಎಮ್ಮೆಯದ್ದೇ, ಅಷ್ಟನ್ನು ಒಪ್ಪಿಕೊಂಡರೆ ಯಾರ ಹತ್ತಿರವೂ ಜಗಳ ಬರುವುದಿಲ್ಲ ಎಂದ. ಮೇಸ್ತ್ರಿ ಬಟ್ಟೆ ಹಿಂಡಿ ಒಳಗೆ ಹೋದರು.

ಒಂದು ಬೆಳಿಗ್ಗೆ ಬಾಗಿಲ ಮುಂದೆ ನೀಲಿ ಕಾರು ಬಂದು ನಿಂತಿತು. ನರ್ಸಮ್ಮ ಇಳಿದರು. ಪಕ್ಕದ ಸೀಟಿನಲ್ಲಿ ಪಿಟೀಲಯ್ಯನವರು ಕಿಟಕಿಯ ಆಚೆಗೆ ಮುಖ ತಿರುಗಿಸಿ ಕೂತಿದ್ದರು. ಅವರನ್ನು ಹೇಗೆ ಹೊರಡಿಸಿಕೊಂಡು ಬಂದರೋ, ಹಠ ಮಾಡುವ ರೋಗಿಗಳಿಗೆ ಔಷಧಿ ಕುಡಿಸಿ ಪಳಗಿದ ಕೈ ಅದು.

‘ಅಣ್ಣಾ, ನೀವು ಸದ್ದು ಕೇಳಿಲ್ಲ. ಇವರು ಸದ್ದು ಬಿಟ್ಟು ಬೇರೇನೂ ಕೇಳಿಲ್ಲ,’ ಎಂದರು ನರ್ಸಮ್ಮ. ‘ಇಬ್ಬರೂ ಕೂತ್ಕೊಳ್ಳಿ. ನಾನು ಓಡಿಸ್ತೀನಿ.’

ಮೇಸ್ತ್ರಿ ಮನೆಯ ಚಪ್ಪಲಿಯಲ್ಲೇ ಬಂದು ಹಿಂದೆ ಹತ್ತಿದರು. ನರ್ಸಮ್ಮ ಊರಾಚೆ ಗುಡ್ಡದ ದಾರಿ ಹಿಡಿದರು. ಮೊದಲ ತಿರುವಿನಲ್ಲೇ ಸದ್ದು ಬಂತು. ಲಟಕ್. ಮೇಸ್ತ್ರಿ ಕಣ್ಣು ಮುಚ್ಚಿದರು. ಇನ್ನೊಂದು ತಿರುವು. ಲಟಕ್, ಲಟಕ್. ಸದ್ದು ನಿಜವಾಗಿಯೂ ಇತ್ತು. ಅವರು ಮೊದಲು ಮಾಡಿದ ಕೆಲಸ ಅದನ್ನು ಒಪ್ಪಿಕೊಂಡದ್ದು. ‘ಇದೆ. ಆವತ್ತು ನಾನು ಹಾಗೆ ಅನ್ನಬಾರದಿತ್ತು,’ ಎಂದರು.

ಮುಂದಿನ ಸೀಟಿನ ಮುಖ ಕಿಟಕಿಯಿಂದ ಸ್ವಲ್ಪ ಈಚೆಗೆ ತಿರುಗಿತು.

ಎಡಕ್ಕೆ ಹೊರಳಿದಾಗ ಒಂದು ಕಡೆ, ಬಲಕ್ಕೆ ಹೊರಳಿದಾಗ ಇನ್ನೊಂದು ಕಡೆ ಬಡಿಯುತ್ತಿದೆ ಎಂದು ಮೇಸ್ತ್ರಿಗೆ ಅನ್ನಿಸಿತು. ಸಡಿಲವಾದ ಬೋಲ್ಟು ಇದ್ದಲ್ಲೇ ಅಲುಗುತ್ತದೆ, ಇದು ಉರುಳಾಡುತ್ತಿದೆ. ಅದನ್ನು ಹೇಳಿದಾಗ ಪಿಟೀಲಯ್ಯನವರಿಗೆ ಸುಮ್ಮನಿರಲಾಗಲಿಲ್ಲ. ಗಟ್ಟಿ ಲೋಹದ ಸದ್ದೂ ಅಲ್ಲ, ಒಳಗೆ ಟೊಳ್ಳಿದೆ, ಟೊಳ್ಳಿನೊಳಗೆ ಮತ್ತೇನೋ ಇದೆ ಎಂದರು. ವರ್ಕ್‌ಶಾಪಿನವರು ಪ್ರತಿ ಸಲ ಕಾರಿನ ಅಡಿ ಹೊಕ್ಕು ಸಿಕ್ಕಿದ್ದನ್ನೆಲ್ಲ ಬಿಗಿ ಮಾಡಿದ್ದರಂತೆ, ನೇರ ರಸ್ತೆಯಲ್ಲಿ ಓಡಿಸಿ ನೋಡಿ ಸದ್ದೇ ಇಲ್ಲವೆಂದಿದ್ದರಂತೆ. ಇಷ್ಟೆಲ್ಲ ಹೇಳುವಾಗ ಅವರು ಪೂರ್ತಿ ಹಿಂದಕ್ಕೆ ತಿರುಗಿ, ಸೀಟಿನ ಮೇಲೆ ಮಂಡಿಯೂರಿ ಕೂತುಬಿಟ್ಟಿದ್ದರು. ಬೆಲ್ಟು ಹಾಕಿಕೊಂಡು ನೆಟ್ಟಗೆ ಕೂರದಿದ್ದರೆ ಇಬ್ಬರನ್ನೂ ಇಲ್ಲೇ ಇಳಿಸಿ ಹೋಗುತ್ತೇನೆ ಎಂದರು ನರ್ಸಮ್ಮ. ಪಿಟೀಲಯ್ಯನವರು ಕಾರು ನಿಲ್ಲಿಸಿಕೊಂಡು ಇಳಿದು, ಹಿಂದೆ ಬಂದು ಮೇಸ್ತ್ರಿಯ ಪಕ್ಕ ಕೂತರು. ಗುಡ್ಡ ಹತ್ತಿದರು, ಇಳಿದರು. ಮತ್ತೆ ಹತ್ತಿದರು. ‘ಈಗ ನಿಮ್ಮ ಕಡೆ.’ ‘ಈಗ ನಿಮ್ಮ ಕಡೆ.’ ಇಬ್ಬರು ಮುದುಕರು ಕತ್ತು ಓರೆ ಮಾಡಿಕೊಂಡು, ಧಾನ್ಯ ಹುಡುಕುವ ಕೋಳಿಗಳಂತೆ ಕಾಣುತ್ತಿದ್ದರು.

‘ಅಡಿಯಲ್ಲಲ್ಲ ಇದು,’ ಎಂದರು ಮೇಸ್ತ್ರಿ ಕೊನೆಗೆ. ‘ನಾವು ಅದರ ಮೇಲೇ ಕೂತಿದ್ದೀವಿ.’

ಕಾರು ಬೇಕರಿಯ ಹಿತ್ತಲಿಗೆ ಬಂತು. ಹುಡುಗ ಹಿಟ್ಟಿನ ಕೈಯಲ್ಲೇ ಓಡಿ ಬಂದ. ಹಿಂದಿನ ಸೀಟಿನ ಮೆತ್ತೆಯನ್ನು ಎತ್ತಬಹುದು ಎನ್ನುವುದೇ ಆ ಮನೆಯವರಿಗೆ ಗೊತ್ತಿರಲಿಲ್ಲ. ಮೇಸ್ತ್ರಿ ಒಂದು ತುದಿ, ಪಿಟೀಲಯ್ಯನವರು ಇನ್ನೊಂದು ತುದಿ ಹಿಡಿದು ಜಗ್ಗಿದರು. ಟಪ್ಪೆಂದು ಬಿಟ್ಟುಕೊಂಡಿತು. ಕೆಳಗಿನ ಕುಳಿಯಲ್ಲಿ ಆ ಸಂಸಾರದ ಅರ್ಧ ಚರಿತ್ರೆ ಬಿದ್ದಿತ್ತು: ಹೇರ್‌ಪಿನ್ನುಗಳು, ಮೊಂಡಾದ ಪೆನ್ಸಿಲು, ಹಲ್ಲು ಮುರಿದ ಬಾಚಣಿಗೆ, ಹುಡುಗ ಚಿಕ್ಕವನಿದ್ದಾಗಿನ ಒಂದು ಕಾಲುಚೀಲ. ಇವೆಲ್ಲದರ ನಡುವೆ ಗುಂಡನೆಯ ಒಂದು ತಗಡಿನ ಡಬ್ಬಿ, ಪಿಟೀಲಿನ ಕಮಾನಿಗೆ ಉಜ್ಜುವ ರಾಳದ ಡಬ್ಬಿ. ತಿರುವಿನಲ್ಲಿ ಈ ಗೋಡೆಯಿಂದ ಆ ಗೋಡೆಗೆ ಉರುಳಿ ಉರುಳಿ ಅದರ ಅಂಚೆಲ್ಲ ತಗ್ಗು ಬಿದ್ದಿತ್ತು. ಪಿಟೀಲಯ್ಯನವರು ಅದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. ಲಟಕ್.

ಅದು ಪಿಟೀಲಯ್ಯನವರದೇ ಜೇಬಿನಿಂದ ಜಾರಿ, ಸೀಟಿನ ಸಂದಿಯಲ್ಲಿ ಇಳಿದದ್ದು. ಡಬ್ಬಿ ಕಳೆದಾಗ ಅವರು ತಮ್ಮ ಗೆಳೆಯ, ಕೊಳಲಿನವನೇ ತೆಗೆದುಕೊಂಡಿದ್ದಾನೆ ಎಂದು ಆಣೆಯಿಟ್ಟು ಹೇಳಿದ್ದರು.

‘ಕೊಳಲೂದೋನಿಗೆ ರಾಳ ಯಾಕ್ರೀ ಬೇಕು ಅಂತ ನಾನು ಆವತ್ತೇ ಕೇಳಿದ್ದೆ,’ ಎಂದರು ನರ್ಸಮ್ಮ.

ಮೊದಲು ನಕ್ಕದ್ದು ಹುಡುಗ. ಆಮೇಲೆ ನರ್ಸಮ್ಮ ಹಿತ್ತಲ ಕಟ್ಟೆಯ ಮೇಲೆ ಕೂತು ಕಣ್ಣಲ್ಲಿ ನೀರು ಬರುವಂತೆ ನಕ್ಕರು. ಮೇಸ್ತ್ರಿ ಮಾತ್ರ ನಗಲಿಲ್ಲ. ನಕ್ಕರೆ ಮತ್ತೆ ಎಲ್ಲಿ ಪಾಠದ ಹೊತ್ತಾಗುತ್ತದೋ ಎಂಬ ಹೆದರಿಕೆ. ಅವರು ಸೊಂಟಕ್ಕೆ ಕೈಕೊಟ್ಟು ನೆಟ್ಟಗಾಗುತ್ತಾ, ಒಂದು ಮಾತು ಹೇಳಬೇಕು ಎಂದರು. ಗುಡ್ಡ ಸುತ್ತಿದ ಮೇಲೆ ಗೊತ್ತಾಯಿತು, ಈ ಸೀಟು ಸೀಟಲ್ಲ, ಹಲಗೆ. ತಮ್ಮ ಕಾರಿನಲ್ಲೂ ಅದೇ ಹಲಗೆಯೇ. ಬೆನ್ನು ನೋಯುತ್ತದೆ ಎಂದು ಹೆಂಡತಿ ಹೇಳುತ್ತಾ ಬಂದಿದ್ದಳು, ವಯಸ್ಸಾಯಿತು ಅದಕ್ಕೆ ಎಂದು ತಾವು ಬಾಯಿ ಮುಚ್ಚಿಸಿದ್ದರು. ‘ಇದನ್ನ ಅವಳಿಗೆ ಹೇಳಬೇಡಿ, ಬೀಗರೇ,’ ಎಂದರು.

ಬೀಗರೇ ಎಂದು ಅವರು ಕರೆದದ್ದು ಅದೇ ಮೊದಲು. ಪಿಟೀಲಯ್ಯನವರು ಡಬ್ಬಿಯನ್ನು ಜೇಬಿಗೆ ಹಾಕಿಕೊಂಡು, ‘ಬನ್ನಿ ಬೀಗರೇ, ಕೇಕು ತಿನ್ನೋಣ,’ ಎಂದರು. ಬೇಕರಿಯ ಬಿಸಿ ಒಲೆಯ ಪಕ್ಕದಲ್ಲಿ, ಹಿಟ್ಟಿನ ಮೂಟೆಗಳ ಮೇಲೆ ಕೂತು ಮದುವೆಯ ದಿನ ಗೊತ್ತುಮಾಡಿದರು. ಸೀಟಿನ ವಿಷಯ ಮೇಸ್ತ್ರಿಯ ಹೆಂಡತಿಗೆ ಮಧ್ಯಾಹ್ನದೊಳಗೆ ತಿಳಿದಿತ್ತು. ಅವರು ಬಿಳಿ ಕಾರಿನಲ್ಲಿ ಎರಡು ದಪ್ಪ ದಿಂಬು ತಂದಿಟ್ಟರು.

ಮದುವೆಯ ಊಟದಲ್ಲಿ ಬೀಗರಿಬ್ಬರೂ ಒಂದೇ ಮೇಜಿಗೆ ಕೂತು ಡಬ್ಬಿಯ ಕಥೆಯನ್ನು ಎಲ್ಲರಿಗೂ ಹೇಳಿದರು. ಒಬ್ಬರು ಶುರು ಮಾಡಿದರೆ ಇನ್ನೊಬ್ಬರು ಲಟಕ್ ಅನ್ನುವುದು. ಕೇಳಿದವರೆಲ್ಲ ತಮ್ಮ ತಮ್ಮ ಕಾರಿನ ಮಾತು ತೆಗೆದರು. ದರ್ಜಿಯೊಬ್ಬರು ತಮ್ಮದು ಪೆಟ್ರೋಲನ್ನು ಮೂಸಿ ನೋಡಿಯೇ ಓಡುತ್ತದೆ ಎಂದರು. ಅವರ ತಂಗಿ, ಅದರ ಬಾಗಿಲು ಹಾಕಿದರೆ ಬಿಸ್ಕತ್ತಿನ ಡಬ್ಬ ಮುಚ್ಚಿದ ಹಾಗಾಗುತ್ತದೆ ಎಂದರು. ಕೊಳಲಿನ ಗೆಳೆಯ ಬಂದು, ತನ್ನ ಮೇಲಿನ ಕಳ್ಳತನದ ಆರೋಪ ಹೋದದ್ದಕ್ಕೆ ಎರಡು ಸಲ ಸಿಹಿ ಬಡಿಸಿಕೊಂಡ. ಮೇಸ್ತ್ರಿ ಒಂದೊಂದು ದೂರನ್ನೂ ತಲೆಯಾಡಿಸಿ ಕೇಳಿದರು. ತಾಯಿಯ ಕಥೆಯನ್ನು ಈ ಸಲ ಪಿಟೀಲಯ್ಯನವರೇ ಹೇಳಿದರು. ಇಂಗ್ಲೆಂಡಿನವರು ಬರುವ ಜಾಗದಲ್ಲಿ ತಪ್ಪಿದಾಗ ಮೇಸ್ತ್ರಿ ತಿದ್ದಿದರು.

ಮುಂದಿನ ವರ್ಷ ಮಗಳು ಅಳಿಯ ಸೇರಿ ಹೊಸ ಕಾರು ಕೊಂಡರು. ಅದೇ ಕಂಪನಿಯದು, ಬ್ಯಾಟರಿಯಿಂದಲೂ ಓಡುವಂಥದ್ದು. ತರುವ ದಿನ ಬೀಗರಿಬ್ಬರೂ ಹೆಂಡತಿಯರ ಜೊತೆ ಶೋರೂಮಿಗೆ ಹೋದರು. ಮಗಳು ಗುಂಡಿ ಒತ್ತಿದಳು. ಇಬ್ಬರೂ ಬಾನೆಟ್ಟಿನ ಮೇಲೆ ಬಗ್ಗಿ ಕಿವಿಗೊಟ್ಟರು. ಏನೂ ಇಲ್ಲ.

‘ಶುರು ಆಗ್ಲಿಲ್ವೇನಮ್ಮಾ?’ ಎಂದರು ಮೇಸ್ತ್ರಿ.

ಶುರುವಾಗಿದೆ ಎಂದಳು ಮಗಳು. ಪಿಟೀಲಯ್ಯನವರು ನಂಬದೆ ಇನ್ನೊಂದು ಸಲ ಬಗ್ಗಿದರು. ಇಷ್ಟು ಒಳ್ಳೆಯ ಕಾರಿಗೆ ಒಂದು ಶ್ರುತಿಯಾದರೂ ಬೇಡವೇ ಎಂದು ಗೊಣಗಿದರು. ಮೇಸ್ತ್ರಿಗೂ ಒಳಗೊಳಗೆ ಹಾಗೇ ಅನ್ನಿಸಿತ್ತು, ಆದರೆ ಕಂಪನಿಯ ಮಾನ ನೋಡಿ ಸುಮ್ಮನಿದ್ದರು. ಎಲ್ಲರೂ ಹತ್ತಿದರು. ಮುಂದೆ ಮಗಳು ಓಡಿಸುತ್ತಿದ್ದಳು, ಪಕ್ಕದಲ್ಲಿ ನರ್ಸಮ್ಮ. ಹಿಂದೆ ಬೀಗರಿಬ್ಬರು, ಅವರ ನಡುವೆ ಮೇಸ್ತ್ರಿಯ ಹೆಂಡತಿ. ಅಳಿಯ ಬೇಕರಿಯಲ್ಲಿ ಕಾಯುತ್ತಿದ್ದ. ಸೀಟು ಮೆತ್ತಗಿತ್ತು. ಗುಡ್ಡದ ತಿರುವಿನಲ್ಲಿ ಇಬ್ಬರೂ ಅಭ್ಯಾಸಬಲದಿಂದ ಕತ್ತು ಓರೆ ಮಾಡಿದರು. ಅಲ್ಲಿ ಕೇಳಿಸಿದ್ದು ಒಂದೇ, ಬೀಗಿತ್ತಿಯರಿಬ್ಬರು ತಮ್ಮ ತಮ್ಮ ಗಂಡಂದಿರ ಬಗ್ಗೆ, ಅವರು ಪಕ್ಕದಲ್ಲೇ ಇಲ್ಲವೇನೋ ಎಂಬಂತೆ ಆಡಿಕೊಳ್ಳುತ್ತಿದ್ದ ಮಾತು. ಒಂದಕ್ಷರವೂ ಬಿಡದಂತೆ ಕೇಳಿಸುತ್ತಿತ್ತು. ಮೇಸ್ತ್ರಿ ಪಿಟೀಲಯ್ಯನವರನ್ನು ನೋಡಿದರು. ಪಿಟೀಲಯ್ಯನವರು ಕಿಟಕಿಯ ಆಚೆ ನೋಡುತ್ತಾ, ಸದ್ದಿಲ್ಲದೆ ನಗುತ್ತಿದ್ದರು.